ರೈಲು ನಿಂತ ಊರು, ಕವಿ ಇದ್ದ ಊರು

ಇಂಗ್ಲೆಂಡಿನ ಹಳ್ಳಿಗಾಡು ನೋಡಲು ಲೇಕ್ ಡಿಸ್ಟ್ರಿಕ್ಟಿಗೆ ಹೋಗುವವರಲ್ಲಿ ಹಲವರು ವಿಂಡರ್‌ಮಿಯರ್‌ನಲ್ಲೇ ತಂಗುತ್ತಾರೆ. ರೈಲು ಅಲ್ಲಿಗೇ ಮುಗಿಯುತ್ತದಲ್ಲ! 1844ರಲ್ಲಿ ಈ ಮಾರ್ಗದ ಯೋಜನೆಯನ್ನು ಕವಿ ವರ್ಡ್ಸ್‌ವರ್ತ್ ಪತ್ರಿಕೆಯಲ್ಲಿ ಬರೆದು ವಿರೋಧಿಸಿದ. ಕಾರ್ಮಿಕರು ರೈಲು ತುಂಬ ಬಂದಿಳಿದರೆ ಸರೋವರಗಳ ನೆಮ್ಮದಿ ಕೆಡುತ್ತದೆಂಬುದು ಅವನ ವಾದ. ಬಡವರ ಬದುಕನ್ನು ಹಾಡಿದ ಕವಿಯ ಬಾಯಲ್ಲಿ ಇದು ತುಸು ಕಹಿಯೇ. 1847ರಲ್ಲಿ ರೈಲು ಬಂದೇ ಬಂತು. ಆದರೆ ಅವನು 1799ರಿಂದ 1813ರವರೆಗೆ ವಾಸವಿದ್ದ ಗ್ರಾಸ್ಮಿಯರ್‌ವರೆಗೆ ಮುಂದುವರಿಯಲಿಲ್ಲ. ಅಲ್ಲಿಗೆ ಇಂದಿಗೂ ಬಸ್ಸೋ ಕಾರೋ ಹಿಡಿಯಬೇಕು. ನಡೆಯುವ ಆಸೆಯಿದ್ದವರು ಅಲ್ಲೇ ಕೋಣೆ ಹಿಡಿಯುವುದು ಲೇಸು. ಬೆಟ್ಟದ ಕಾಲುದಾರಿಗಳು ಊರಿನಿಂದಲೇ ಶುರುವಾಗುತ್ತವೆ. ಶಾಲೆಯಲ್ಲಿ ಓದಿದ ಡ್ಯಾಫೊಡಿಲ್ ಹೂಗಳನ್ನು ಹುಡುಕುವವರು ಮಾತ್ರ ಅಲ್ಸ್‌ವಾಟರ್ ಸರೋವರದ ದಂಡೆಗೆ ಹೋಗಬೇಕು. 1802ರ ಏಪ್ರಿಲ್‌ನಲ್ಲಿ ಕವಿ ಅವನ್ನು ಕಂಡದ್ದು ಅಲ್ಲಿ. ನಮ್ಮ ಬೇಸಿಗೆ ರಜೆಯೆಂದು ಮೇ ಕೊನೆಗೆ ಹೊರಟರೆ ಹೂ ಮುಗಿದಿರುತ್ತದೆ.