ಗದ್ದಲದ ವ್ಯಾಕರಣ

ದಲಿತ ಬರವಣಿಗೆಗೆ ನಮ್ಮ ವಿಮರ್ಶಕರು ಕೊಡುವ ಸರ್ಟಿಫಿಕೇಟು ಗೊತ್ತಿದ್ದದ್ದೇ: ಸಿಟ್ಟಿದೆ, ಕಸುವಿದೆ, ಶಿಲ್ಪ ಸಾಲದು. ಅಮೆರಿಕದ ಕಪ್ಪು ಜನ ಕಟ್ಟಿದ ಫ್ರೀ ಜಾಝ್ ಸಂಗೀತಕ್ಕೂ ಇಂಥದೇ ಸರ್ಟಿಫಿಕೇಟು ಸಿಕ್ಕಿತ್ತು. ಮೊದಲೇ ಗೊತ್ತುಮಾಡಿದ ಲಯ, ಸ್ವರಮೇಳಗಳ ಹಂಗು ಹರಿದುಕೊಂಡು ನುಡಿಸುವ ಈ ಪದ್ಧತಿ 1950ರ ದಶಕದ ಕೊನೆಗೆ ರೂಪುಗೊಂಡಿತು. ಅದನ್ನು ಕಟ್ಟಿದವರಲ್ಲಿ ಪಿಯಾನೋ ವಾದಕ ಸೆಸಿಲ್ ಟೇಲರ್ (1929–2018) ಮುಖ್ಯ. ತಟ್ಟೆ ತೊಳೆದು ಹೊಟ್ಟೆ ಹೊರೆದ ದಿನಗಳೂ ಆತನಿಗಿದ್ದವು. ತಾನೂ ಸೇರಿ ಏಳು ಜನರ ತಂಡ ಕಟ್ಟಿಕೊಂಡು 1966ರ ಮೇ ತಿಂಗಳಲ್ಲಿ ಆತ ಧ್ವನಿಮುದ್ರಿಸಿದ ಆಲ್ಬಂ ‘ಯುನಿಟ್ ಸ್ಟ್ರಕ್ಚರ್ಸ್’.

ಮೊದಲ ಸಲ ಕೇಳಿದವರು ‘ಏನ್ರೀ ಇದು, ಬರೇ ಗದ್ದಲ’ ಅಂತಾರೆ. ನನ್ನ ವಿದ್ಯಾರ್ಥಿಗಳೂ ಅಂದರು. ಆದರೆ ಹೆಸರಿನಲ್ಲೇ ‘ರಚನೆ’ ಇದೆ, ಗಮನಿಸಬೇಕು. ಟೇಲರನ ಪಿಯಾನೋ ಎಸೆದ ತುಣುಕನ್ನು ಜಿಮ್ಮಿ ಲಯನ್ಸ್‌ನ ಸ್ಯಾಕ್ಸೊಫೋನ್ ಹಿಡಿದು ತಿರುವುತ್ತದೆ. ಆಂಡ್ರ್ಯೂ ಸಿರಿಲ್‌ನ ಡ್ರಮ್ಮು ತಾಳ ಎಣಿಸುತ್ತ ಕೂರದೆ ಮಾತಿಗೆ ಮಾತು ಕೊಡುತ್ತದೆ. ಟೇಲರ್ ಬಾಸ್ಟನ್ನಿನ ಕನ್ಸರ್ವೇಟರಿಯಲ್ಲಿ ಓದಿದವ, ಸ್ವರಲಿಪಿ ಬಾರದವನಲ್ಲ. ಆದರೂ ಸಂಗಡಿಗರಿಗೆ ಬರೆದು ಕೊಡುವ ಬದಲು ನುಡಿಸಿ ತೋರಿಸಿ, ಕಿವಿಯಿಂದಲೇ ಕಲಿಸುತ್ತಿದ್ದ. ಪಿಯಾನೋದ 88 ಪಟ್ಟಿಗಳೂ ಆತನಿಗೆ ಚರ್ಮವಾದ್ಯಗಳೇ. ಅಂಗೈಯಿಂದ, ಮೊಣಕೈಯಿಂದಲೂ ಬಾರಿಸುತ್ತಿದ್ದ.

ಹುಬ್ಬಳ್ಳಿಯ ಅಂಚಿನ ಗಬ್ಬೂರಿನಲ್ಲಿ ಕುಳಿತು ಇದನ್ನು ಕೇಳುವ ನನಗೆ ನೆನಪಾಗುವುದು ಹಲಗೆ. ಬೆಂಕಿಗೆ ಹಿಡಿದು ಚರ್ಮ ಬಿಗಿ ಮಾಡಿಕೊಂಡು, ಒಂದು ಕೈಯಲ್ಲಿ ದಪ್ಪ ಕೋಲು, ಇನ್ನೊಂದರಲ್ಲಿ ಸಣ್ಣ ಕಡ್ಡಿ. ಹೆಣದ ಮುಂದಿನ ಪೆಟ್ಟು ಬೇರೆ, ಜಾತ್ರೆಯ ಪೆಟ್ಟು ಬೇರೆ. ಇದೂ ಕಿವಿಯಿಂದ ಬಂದ ವಿದ್ಯೆಯೇ. ಗಂಗೂಬಾಯಿ ಹಾನಗಲ್ ಬಾಳಿದ ಊರಿದು. ಖಯಾಲಿನ ವಿಸ್ತಾರ ಬಿಡಿಸಿ ಹೇಳುವ ರಸಿಕರಿಗೆ ಇಲ್ಲಿ ಬರವಿಲ್ಲ. ಆದರೆ ನಾವು ತಬಲಾ ‘ನುಡಿಸುತ್ತೇವೆ’, ಹಲಗೆ ‘ಬಡಿಯುತ್ತೇವೆ’. ಎರಡೂ ಚರ್ಮವೇ. ನಮ್ಮ ಕ್ರಿಯಾಪದಕ್ಕೂ ಜಾತಿ ಅಂಟಿದೆ!

ಹೋಲಿಕೆ ಪೂರ್ತಿ ಕೂಡುವುದಿಲ್ಲ, ಒಪ್ಪುತ್ತೇನೆ. ಯಾವ ಊರ ಗೌಡನೂ ಟೇಲರನನ್ನು ಹೆಣದ ಮುಂದೆ ಪಿಯಾನೋ ಬಾರಿಸು ಎಂದು ಕರೆಕಳಿಸಲಿಲ್ಲ. ಬಿಟ್ಟಿ ಚಾಕರಿ ಎಂದು ಹಲಗೆಯನ್ನು ಕೆಳಗಿಟ್ಟ ನಮ್ಮ ಹುಡುಗರು ಮಾಡಿದ್ದು ಸರಿ. ನನ್ನ ತಕರಾರು ಅವರ ಮೇಲಲ್ಲ. ಹಲಗೆಯಲ್ಲಿ ಬರೀ ಆಕ್ರೋಶವನ್ನೇ ಕೇಳಿ ಮೆಚ್ಚುವ ಪ್ರಗತಿಪರರ ಮೇಲೆ. ಆ ಮೆಚ್ಚುಗೆಯೂ ವಿದ್ಯೆಯನ್ನು ಕಸಿದುಕೊಳ್ಳುತ್ತದೆ.

ಅಂದಹಾಗೆ, ಆಲ್ಬಂನ ಹೊದಿಕೆಯ ಟಿಪ್ಪಣಿ ಬರೆಯುವ ಕೆಲಸವನ್ನು ಟೇಲರ್ ಯಾವ ವಿಮರ್ಶಕನಿಗೂ ಬಿಡಲಿಲ್ಲ, ತಾನೇ ಬರೆದ. ಅದು ಆತನ ಪಿಯಾನೋದಷ್ಟೇ ಕಠಿಣ. ನನಗಿನ್ನೂ ಅರ್ಧದಷ್ಟೇ ದಕ್ಕಿದೆ.