ಹೃದಯಕ್ಕೆ ಟೈಮಿಲ್ಲ

2021ರಲ್ಲಿ ಅಪ್ಪು ತೀರಿಕೊಂಡು ಅವರ ಕಣ್ಣು ದಾನವಾದಾಗ ಎಷ್ಟೋ ಜನ ಸಾಲುಗಟ್ಟಿ ನೇತ್ರದಾನದ ಫಾರ್ಮ್ ತುಂಬಿದರು. ಅದೇ ವರ್ಷ ಜೂನ್‌ನಲ್ಲಿ ಬೈಕ್ ಅಪಘಾತವಾಗಿ ಸಂಚಾರಿ ವಿಜಯ್ ಹೋದಾಗ ಮನೆಯವರು ಅವರ ಅಂಗಾಂಗಗಳನ್ನು ದಾನ ಮಾಡಿದ್ದರು. ಎರಡೂ ಒಂದೇ ಅಂತ ನಾವೂ ನೀವೂ ಅಂದುಕೊಂಡಿರ್ತೀವಿ. ಅಲ್ಲ. ಕಣ್ಣನ್ನು ಉಸಿರು ನಿಂತ ಮೇಲೂ ಸುಮಾರು ಆರು ಗಂಟೆಯೊಳಗೆ ತೆಗೆಯಬಹುದು, ಮನೆಯಲ್ಲೇ ಸತ್ತಿದ್ದರೂ ಪರವಾಗಿಲ್ಲ. ಹೃದಯ, ಲಿವರ್‌ಗಳ ಲೆಕ್ಕ ಬೇರೆ. ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಮಿದುಳು ಸತ್ತು, ವೆಂಟಿಲೇಟರ್ ಬಲದಲ್ಲಿ ರಕ್ತ ಇನ್ನೂ ಹರಿಯುತ್ತಿರುವಾಗ ಮಾತ್ರ ಅವನ್ನು ತೆಗೆಯಲು ಸಾಧ್ಯ.

ಇದನ್ನು ಸಾವು ಅಂತ ಕಾನೂನು ಒಪ್ಪಿದ್ದು 1994ರಲ್ಲಿ. ನಾಲ್ವರು ವೈದ್ಯರು, ಕನಿಷ್ಠ ಆರು ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷಿಸಬೇಕು. ಕಸಿ ಮಾಡುವ ತಂಡದವರು ಅದರಲ್ಲಿ ಇರುವಂತಿಲ್ಲ.

ಆಮೇಲೆ ಶುರುವಾಗೋದು ನಮ್ಮಂಥವರಿಗೆ ಅರ್ಥವಾಗುವ ಸಮಸ್ಯೆ. ದೇಹದಿಂದ ತೆಗೆದ ಹೃದಯ ತಡೆಯೋದು ನಾಲ್ಕರಿಂದ ಆರು ಗಂಟೆ, ಲಿವರ್ ಸುಮಾರು ಹನ್ನೆರಡು, ಕಿಡ್ನಿ ಒಂದು ದಿನ. ಅಷ್ಟರಲ್ಲಿ ರಕ್ತದ ಗುಂಪು, ಕಾಯಿಲೆಯ ತೀವ್ರತೆ, ಕಾದ ಸಮಯ, ದೂರ ಎಲ್ಲ ನೋಡಿ ಯಾರಿಗೆ ಅಂತ ತೀರ್ಮಾನವಾಗಬೇಕು. ಕರ್ನಾಟಕದಲ್ಲಿ ಈ ಪಟ್ಟಿ ನೋಡಿಕೊಳ್ಳೋದು ‘ಜೀವಸಾರ್ಥಕತೆ’. ರಾಜ್ಯಗಳ ಮೇಲೆ ಪ್ರಾದೇಶಿಕ ಸಂಸ್ಥೆಗಳು, ತುದಿಯಲ್ಲಿ ದೆಹಲಿಯ ನೋಟೋ. ಸಾಗಿಸಲು ಪೊಲೀಸರ ಗ್ರೀನ್ ಕಾರಿಡಾರ್ ಇದೆ. 2025ರ ಆಗಸ್ಟ್‌ನಲ್ಲಿ ಒಂದು ಲಿವರ್ ವೈಟ್‌ಫೀಲ್ಡ್ ಕಡೆಯಿಂದ ರಾಜರಾಜೇಶ್ವರಿ ನಗರಕ್ಕೆ ನಮ್ಮ ಮೆಟ್ರೋದಲ್ಲೇ ಹೋಯಿತು! (ಬೆಂಗಳೂರು ಟ್ರಾಫಿಕ್ ಗೊತ್ತಿದ್ದವರಿಗೆ ಕಾರಣ ಹೇಳಬೇಕಿಲ್ಲ.)

ಹಾಗಾದರೆ ಒಳ್ಳೆ ಸಾಫ್ಟ್‌ವೇರ್ ಬರೆದರೆ ಸಾಕಾ? ಸ್ಪೇನ್ ನೋಡಿ. 1989ರಲ್ಲಿ ರಾಷ್ಟ್ರೀಯ ಸಂಸ್ಥೆ ಕಟ್ಟಿದಾಗ ಅಲ್ಲಿ ಹತ್ತು ಲಕ್ಷ ಜನಕ್ಕೆ 14 ದಾನಿಗಳು. ಈಗ 40 ದಾಟಿದೆ. ನಮ್ಮಲ್ಲಿ ಸತ್ತ ಮೇಲಿನ ದಾನ ಇನ್ನೂ ಒಂದಕ್ಕಿಂತ ಕಡಿಮೆ. ಸ್ಪೇನ್ ಮುಖ್ಯವಾಗಿ ಮಾಡಿದ್ದು ಇಷ್ಟು: ಆಸ್ಪತ್ರೆಗಳ ಐಸಿಯುಗಳಲ್ಲೇ ತರಬೇತಾದ ಸಂಯೋಜಕರನ್ನು, ಹೆಚ್ಚಾಗಿ ವೈದ್ಯರನ್ನೇ, ಇಟ್ಟಿತು. ಸಂಭವನೀಯ ದಾನಿಯನ್ನು ಗುರುತಿಸೋದು, ಕುಟುಂಬದ ಜೊತೆ ಕೂತು ಮಾತಾಡೋದು ಅವರ ಕೆಲಸ. ನಮ್ಮಲ್ಲೂ ಸಂಯೋಜಕರು ಇರಬೇಕೆಂಬ ನಿಯಮವಿದೆ, ಆದರೆ ಎದೆ ಏರಿಳಿಯುತ್ತಿರುವ ಮಗನನ್ನು ‘ಸತ್ತಿದ್ದಾನೆ’ ಅಂದರೆ ಯಾವ ತಾಯಿ ನಂಬ್ತಾಳೆ? ಆ ಮಾತಿಗೆ ಸಮಯ ಬೇಕು, ಅದನ್ನು ಆಡಲು ಕಲಿತವರು ಬೇಕು. ನಮ್ಮ ವ್ಯವಸ್ಥೆ ಸೋಲೋದು ಹೆಚ್ಚಾಗಿ ಇಲ್ಲೇ ಅಂತ ನಮಗನಿಸುತ್ತೆ.

ಇನ್ನೊಂದು ವಿಷಯ. ನೋಟೋ ಜಾಲತಾಣದಲ್ಲಿ ಆಧಾರ್ ಕೊಟ್ಟು ಪ್ರತಿಜ್ಞೆ ಮಾಡಿದ್ದರೂ, ಆ ಹೊತ್ತಲ್ಲಿ ಮನೆಯವರು ಬೇಡ ಅಂದರೆ ದಾನ ನಡೆಯೋದಿಲ್ಲ. ಅದಕ್ಕೇ ನಮ್ಮ ಸಂಘದ ಕೆಲವರು ಈ ಸಲ ರಜೆಗೆ ಊರಿಗೆ ಹೋದಾಗ ವಿಷಯ ಎತ್ತಿದೆವು. ಒಬ್ಬರ ಅಜ್ಜಿ ‘ಉಣ್ಣೋ ಹೊತ್ನಲ್ಲಿ ಎಂಥಾ ಮಾತಾಡ್ತೀಯೋ’ ಅಂತ ಬೈದು, ಕೈ ತೊಳೆದು ಬಂದ ಮೇಲೆ ಕೇಳಿದರಂತೆ: ‘ನನ್ ವಯಸ್ಸಿನೋರದ್ದೂ ತಗೋತಾರಾ?’