ಪಿಂಚಣಿ ಯಾರದು? ನಲ್ಲಿ ಯಾರದು?

ಗ್ರಾಮ ಪಂಚಾಯ್ತಿ ಚುನಾವಣೆ ಬಂತೆಂದರೆ ಓಟು ಕೇಳುವವರು ಬಾಗಿಲಿಗೆ ಬರುತ್ತಾರೆ. "ಅಜ್ಜೀ, ನಾನು ಗೆದ್ರೆ ನಿಮಗೆ ಪಿಂಚಣಿ ಕೊಡಿಸ್ತೀನಿ" ಅಂತಾರೆ. ಕೆಲವರು "ಓಟು ಹಾಕದಿದ್ರೆ ಪಿಂಚಣಿ ನಿಂತೋಗುತ್ತೆ" ಅಂತಲೂ ಹೆದರಿಸುತ್ತಾರೆ. ನಾವು ಹೆದರಬೇಕಾಗಿಲ್ಲ.

ನಮ್ಮ ಕರ್ನಾಟಕದಲ್ಲಿ 65 ವರ್ಷ ತುಂಬಿದ ಬಡವರಿಗೆ 2007ರಿಂದ ಸಂಧ್ಯಾ ಸುರಕ್ಷಾ ಯೋಜನೆ ಇದೆ. ಅರ್ಜಿ ಕೊಡುವುದು ನಾಡಕಚೇರಿಯಲ್ಲಿ. ಮಂಜೂರು ಮಾಡುವವರು ಸರ್ಕಾರಿ ಅಧಿಕಾರಿಗಳು. ಪಂಚಾಯ್ತಿ ಮೆಂಬರ್ ಅಲ್ಲ. ಅದು ಸರ್ಕಾರದ ಹಣ, ಯಾರ ಜೇಬಿನದೂ ಅಲ್ಲ.

ಹಾಗಾದರೆ ಮೆಂಬರನ್ನು ಏನು ಕೇಳೋಣ? ಕುಡಿಯುವ ನೀರು, ಬೀದಿ ದೀಪ, ಚರಂಡಿ ಪಂಚಾಯ್ತಿಯ ಕೆಲಸ. ಮುದುಕರು ಕೊಡ ಹೊತ್ತು ದೂರ ನಡೆಯೋಕಾಗುತ್ತಾ? ಕತ್ತಲಲ್ಲಿ ಚರಂಡಿಗೆ ಬಿದ್ದರೆ ಸೊಂಟವೇ ಮುರಿದೀತು. "ನಮ್ಮ ಕೇರಿಗೆ ನಲ್ಲಿ ಯಾವಾಗ? ಚರಂಡಿಗೆ ಚಪ್ಪಡಿ ಯಾವಾಗ?" ಓಟಿಗೆ ಮುಂಚೆ ಕೇಳೋಣ. ಗೆದ್ದ ಮೇಲೆ ಗ್ರಾಮಸಭೆಯಲ್ಲೂ ಕೇಳೋಣ.